ಬಾಬ್ ಅಲ್ಲ, ರೊಬೆರ್ಟೊ

ಪಿಟ್ಸ್‌ಬರ್ಗ್‌ಗೆ ಊರಿಂದ ಯಾರೇ ಬರಲಿ, ಮೊದಲು ಪೆನ್ ಹಿಲ್ಸ್‌ನ ವೆಂಕಟೇಶ್ವರ ದೇವಸ್ಥಾನಕ್ಕೆ ಕರೆದುಕೊಂಡು ಹೋಗುತ್ತೇನೆ. ಅಲ್ಲಿ ಪುಳಿಯೋಗರೆ ತಿಂದಾದ ಮೇಲೆ ಡೌನ್‌ಟೌನ್‌ನ ಹಳದಿ ಸೇತುವೆ. ಅಲೆಘೆನಿ ನದಿಯ ಮೇಲಿರುವ ಆ ಸೇತುವೆಗೆ ರೊಬೆರ್ಟೊ ಕ್ಲೆಮೆಂಟೆ ಹೆಸರಿಟ್ಟಿದ್ದಾರೆ. ಮ್ಯಾಚ್ ಇದ್ದ ದಿನ ಅದರ ಮೇಲೆ ಕಾರು ಬಿಡಲ್ಲ, ಜನ ನಡೆದೇ ದಾಟಿ ಬೇಸ್‌ಬಾಲ್ ಸ್ಟೇಡಿಯಂಗೆ ಹೋಗುತ್ತಾರೆ. ಆ ಕಡೆ ಅವರದೇ ಪ್ರತಿಮೆ ಇದೆ. ಸ್ಟೇಡಿಯಂನ ರೈಟ್ ಫೀಲ್ಡ್, ಅಂದರೆ ಬಲಬದಿಯ ಬೌಂಡರಿ ಗೋಡೆ ಲೆಕ್ಕ ಹಾಕಿ 21 ಅಡಿ ಎತ್ತರ ಕಟ್ಟಿದ್ದಾರೆ, ಯಾಕಂದ್ರೆ ಕ್ಲೆಮೆಂಟೆ ಅವರ ಜೆರ್ಸಿ ನಂಬರ್ 21. "ಯಾರಮ್ಮಾ ಇವ್ರು, ಹಳೇ ಮೇಯರ್ರಾ?" ಅಂತ ನಮ್ಮ ಚಿಕ್ಕಪ್ಪ ಕೇಳಿದ್ದರು.

ಮೇಯರ್ ಅಲ್ಲ, ಬೇಸ್‌ಬಾಲ್ ಆಟಗಾರ. ಕೆರಿಬಿಯನ್ ದ್ವೀಪ ಪೋರ್ಟೊ ರಿಕೊದ ಕರೊಲಿನಾ ಅನ್ನೋ ಊರಲ್ಲಿ 1934ರಲ್ಲಿ ಹುಟ್ಟಿದವರು. ಅಪ್ಪ ಕಬ್ಬಿನ ಗದ್ದೆಯಲ್ಲಿ ಮೇಸ್ತ್ರಿ. ಏಳು ಮಕ್ಕಳಲ್ಲಿ ಇವರೇ ಕೊನೆಯವರು.

ಅಮೆರಿಕದಲ್ಲಿ ಸೆಪ್ಟೆಂಬರ್ 15ರಿಂದ ಅಕ್ಟೋಬರ್ 15ರವರೆಗೆ ಲ್ಯಾಟಿನೊ, ಅಂದರೆ ಲ್ಯಾಟಿನ್ ಅಮೆರಿಕ ಮೂಲದವರ ಪರಂಪರೆಯ ತಿಂಗಳು. ಬೇಸ್‌ಬಾಲ್‌ನಲ್ಲಿ ಅದರ ಮೊದಲ ದಿನವೇ ಕ್ಲೆಮೆಂಟೆ ದಿನ. ನನ್ನ ಮಗ ಶಾಲೆಗೆ ಅಂತ ಒಂದು ಪೋಸ್ಟರ್ ಮಾಡಿದ್ದ. ನಗುಮುಖ, ಒಂದು ವಿಮಾನ, ಕೆಳಗೆ "ಎಲ್ಲರಿಗೂ ಸಹಾಯ ಮಾಡಿದರು" ಅನ್ನೋ ಸಾಲು. ಸುಳ್ಳೇನಿಲ್ಲ. ಆದರೂ ನನಗೆ ಸುಮ್ಮನಿರೋಕೆ ಆಗಲಿಲ್ಲ. ಇವರು ಬದುಕಿದ್ದಾಗ ಇದೇ ಊರಿನ ಎಷ್ಟೋ ಪತ್ರಕರ್ತರಿಗೆ ಸಂತನ ಥರ ಕಂಡಿರಲಿಲ್ಲ. ಸದಾ ಗೊಣಗುವ ಮನುಷ್ಯ ಅಂತಲೇ ಬರೆದರು. ಆ ಗೊಣಗಾಟದಲ್ಲಿ ನ್ಯಾಯ ಇತ್ತು ಅನ್ನೋದು ನನ್ನ ವಾದ.

ಮೊದಲು ಆಟದ ಮಾತು. ಬೇಸ್‌ಬಾಲ್ ಗೊತ್ತಿಲ್ಲದವರಿಗೆ ಇಷ್ಟು ಹೇಳಿದರೆ ಸಾಕು: ಹತ್ತು ಸಲ ಬ್ಯಾಟ್ ಹಿಡಿದು ಮೂರು ಸಲ ಹಿಟ್ ಹೊಡೆದರೆ ಅವನು ಒಳ್ಳೇ ಬ್ಯಾಟರ್. ಕ್ಲೆಮೆಂಟೆ 1955ರಿಂದ 1972ರವರೆಗೆ, ಹದಿನೆಂಟು ಸೀಸನ್, ಪಿಟ್ಸ್‌ಬರ್ಗ್ ಪೈರೇಟ್ಸ್‌ಗೇ ಆಡಿದರು. ಅಷ್ಟೂ ವರ್ಷದ ಸರಾಸರಿ .317. ನಾಲ್ಕು ಸಲ ಲೀಗ್‌ನಲ್ಲೇ ಅತಿ ಹೆಚ್ಚು ಸರಾಸರಿ ಅವರದು. ಫೀಲ್ಡಿಂಗ್‌ಗೆ ಹನ್ನೆರಡು ಗೋಲ್ಡ್ ಗ್ಲೌವ್ ಪ್ರಶಸ್ತಿ. ಹುಡುಗನಾಗಿದ್ದಾಗ ಜಾವೆಲಿನ್ ಎಸೆದು ಪಳಗಿದ ಕೈ. ನಮ್ಮ ಲೆಕ್ಕದಲ್ಲಿ, ಬೌಂಡರಿ ಗೆರೆಯಿಂದ ಒಂದೂ ಟಪ್ಪಾ ಬೀಳದೆ ಕೀಪರ್ ಗ್ಲೌಸ್‌ಗೇ ಬಂದು ಕೂರುವ ಥ್ರೋ. ಆ ಕಾಲದ ಆಟ ನೋಡಿರುವ ಪಕ್ಕದ ಮನೆ ಅಜ್ಜ ಹೇಳೋದು ಹಿಟ್‌ಗಳ ಬಗ್ಗೆ ಅಲ್ಲ, ಆ ಥ್ರೋಗಳ ಬಗ್ಗೆ. ಹೇಳುವಾಗ ಸೋಫಾದಿಂದ ಎದ್ದು ನಿಂತೇ ಬಿಡುತ್ತಾರೆ.

ಈಗ ಗೊಣಗಾಟ. ಪೈರೇಟ್ಸ್ ಪರ ಆಡುವ ಮೊದಲೇ, 1954ರ ಕೊನೆಯಲ್ಲಿ, ಕುಡಿದು ಕಾರು ಓಡಿಸುತ್ತಿದ್ದವನೊಬ್ಬ ಇವರ ಕಾರಿಗೆ ಗುದ್ದಿದ್ದ. ಬೆನ್ನುಮೂಳೆಗೆ ಏಟಾಗಿತ್ತು, ನೋವು ಕೊನೇವರೆಗೂ ಹೋಗಲಿಲ್ಲ. ಬ್ಯಾಟ್ ಮಾಡೋ ಮುಂಚೆ ಕುತ್ತಿಗೆ ಹೊರಳಿಸುತ್ತಿದ್ದದ್ದು ಅದಕ್ಕೇ. ನೋವು ಅಂದರೆ ಪತ್ರಿಕೆಯವರು ನಾಟಕ ಅಂದರು. ಮಾತಾಡಿದರೆ ಉಚ್ಚಾರಣೆಯನ್ನೇ ಅಣಕಿಸಿ, 'ಹಿಟ್' ಅಂದದ್ದನ್ನು 'ಹೀಟ್' ಅಂತ ಅಚ್ಚು ಹಾಕಿದರು. ಒಂದು ಕಡೆ ಕಪ್ಪು ಬಣ್ಣ, ಇನ್ನೊಂದು ಕಡೆ ಸ್ಪ್ಯಾನಿಷ್ ನಾಲಗೆ. ಎರಡೂ ಕಡೆಯಿಂದ ಏಟು.

ಹೆಸರನ್ನೂ ಬಿಡಲಿಲ್ಲ. ರೊಬೆರ್ಟೊ ಅನ್ನೋದು ಕಷ್ಟ ಅಂತಲೋ ಏನೋ, 'ಬಾಬ್' ಮಾಡಿದರು. 1969ರವರೆಗೂ ಟಾಪ್ಸ್ ಕಂಪನಿಯ ಬೇಸ್‌ಬಾಲ್ ಕಾರ್ಡ್‌ಗಳಲ್ಲಿ (ಆಟಗಾರರ ಚಿತ್ರದ ಕಾರ್ಡ್) ಬಾಬ್ ಕ್ಲೆಮೆಂಟೆ. ತೀರಿಹೋದ ಮೇಲೆ ಹಾಲ್ ಆಫ್ ಫೇಮ್‌ಗೆ, ಅಂದರೆ ಬೇಸ್‌ಬಾಲ್ ದಿಗ್ಗಜರ ಗೌರವಪಟ್ಟಿಗೆ ಸೇರಿಸಿಕೊಂಡಾಗಲೂ ಕಂಚಿನ ಫಲಕದಲ್ಲಿ ಹೆಸರು ತಪ್ಪು. ಅವರ ಪದ್ಧತಿಯಲ್ಲಿ ಅಪ್ಪನ ಮನೆತನ ಮೊದಲು, ಅಮ್ಮನ ಮನೆತನ ಆಮೇಲೆ: ರೊಬೆರ್ಟೊ ಕ್ಲೆಮೆಂಟೆ ವಾಕರ್. ಫಲಕದಲ್ಲಿ ಅದು ರೊಬೆರ್ಟೊ ವಾಕರ್ ಕ್ಲೆಮೆಂಟೆ ಆಯಿತು. ಸರಿಪಡಿಸಿದ್ದು 2000ದಲ್ಲಿ. ಅಪ್ಪನ ಹೆಸರು ಪಾಸ್‌ಪೋರ್ಟ್‌ನಲ್ಲಿ ಸರ್‌ನೇಮ್ ಆಗಿಹೋಗಿ, ಡಾಕ್ಟರ್ ಕ್ಲಿನಿಕ್‌ನಲ್ಲಿ 'ಮಿಸ್ ತಿಪ್ಪೇಸ್ವಾಮಿ' ಅಂತ ಕೂಗಿದಾಗ ಎದ್ದು ಹೋಗುವ ಚಳ್ಳಕೆರೆಯವಳು ನಾನು. ಈ ಫಲಕದ ಕಥೆ ಓದಿ ನಗಬೇಕೋ ಬೈಬೇಕೋ ಗೊತ್ತಾಗಲಿಲ್ಲ.

ಅವರು ಬರೀ ತಮ್ಮ ಬಗ್ಗೆ ಗೊಣಗಿದವರಲ್ಲ. ಫ್ಲೋರಿಡಾದಲ್ಲಿ ಸೀಸನ್‌ಗೆ ಮುಂಚಿನ ತಯಾರಿ ನಡೆಯುವಾಗ ದಾರಿ ಮಧ್ಯೆ ಬಸ್ ನಿಲ್ಲುತ್ತಿತ್ತು. ಬಿಳಿಯ ಆಟಗಾರರು ಹೋಟೆಲ್ ಒಳಗೆ ಊಟ ಮಾಡುತ್ತಿದ್ದರು, ಕಪ್ಪು ಆಟಗಾರರು ಬಸ್ಸಲ್ಲೇ ಕೂರಬೇಕಿತ್ತು. ಯಾರಾದರೂ ಪೊಟ್ಟಣ ತಂದುಕೊಟ್ಟರೆ ಮುಟ್ಟಬೇಡಿ ಅಂದವರು ಕ್ಲೆಮೆಂಟೆ. ಮ್ಯಾನೇಜ್‌ಮೆಂಟ್ ಜೊತೆ ಹಟ ಹಿಡಿದು, ತಮಗೆ ಬೇರೆ ವಾಹನ ಕೊಡಿಸಿಕೊಂಡರು. 1968ರ ಏಪ್ರಿಲ್‌ನಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಕೊಲೆಯಾದಾಗ, ಅಂತ್ಯಕ್ರಿಯೆ ಮುಗಿಯುವವರೆಗೆ ಆಡಲ್ಲ ಅಂತ ಪೈರೇಟ್ಸ್ ಆಟಗಾರರು ನಿಂತರಲ್ಲ, ಅವರ ಮುಂದಾಳುಗಳಲ್ಲಿ ಇವರೂ ಒಬ್ಬರು. ಸೀಸನ್ ಶುರುವಾಗೋದೇ ಮುಂದಕ್ಕೆ ಹೋಯಿತು. 1971ರ ಸೆಪ್ಟೆಂಬರ್ 1ರಂದು ಪೈರೇಟ್ಸ್ ಇಳಿಸಿದ ಒಂಬತ್ತೂ ಜನ ಕಪ್ಪು ಅಥವಾ ಲ್ಯಾಟಿನೊ ಆಟಗಾರರು. ದೊಡ್ಡ ಲೀಗ್‌ನಲ್ಲಿ ಅದೇ ಮೊದಲು. ಅದರಲ್ಲೂ ಇವರಿದ್ದರು.

ಅದೇ ವರ್ಷದ ವರ್ಲ್ಡ್ ಸೀರೀಸ್‌ನಲ್ಲಿ, ಅಂದರೆ ಫೈನಲ್ ಸರಣಿಯಲ್ಲಿ, 37ರ ವಯಸ್ಸಲ್ಲಿ, 29 ಸಲ ಬ್ಯಾಟ್ ಹಿಡಿದು 12 ಹಿಟ್. ಪೈರೇಟ್ಸ್ ಗೆದ್ದರು. ಟೀವಿಯವರು ಮೈಕ್ ಹಿಡಿದರು. ಇಂಗ್ಲಿಷ್ ಮಾತಿಗೆ ಮುಂಚೆ ಅಪ್ಪ ಅಮ್ಮನಿಗೆ ಸ್ಪ್ಯಾನಿಷ್‌ನಲ್ಲಿ ಒಂದು ಮಾತು ಹೇಳಬೇಕು ಅಂದರು. ನನ್ನ ಬದುಕಿನ ದೊಡ್ಡ ದಿನ ಇದು, ಮಕ್ಕಳಿಗೆ ನನ್ನ ಆಶೀರ್ವಾದ, ನನಗೆ ನಿಮ್ಮ ಆಶೀರ್ವಾದ ಬೇಕು ಅಂತ. ಇಡೀ ಅಮೆರಿಕ ನೋಡುತ್ತಿರುವಾಗ ದೂರದಿಂದಲೇ ಕಾಲಿಗೆ ಬಿದ್ದ ಹಾಗೆ ಅಲ್ವಾ? ಆ ಪುಟ್ಟ ವಿಡಿಯೋ ನೋಡಿದಾಗಲೆಲ್ಲ ನನಗೆ ಗಂಟಲು ಕಟ್ಟುತ್ತದೆ. ಇಪ್ಪತ್ತೊಂದು ಅಡಿ ಗೋಡೆಗಿಂತ ನನಗೆ ಅದು ಎತ್ತರ.

ಮುಂದಿನದು ಎಲ್ಲರಿಗೂ ಗೊತ್ತಿರುವ ಭಾಗ. 1972ರ ಸೆಪ್ಟೆಂಬರ್ 30ಕ್ಕೆ 3,000ನೇ ಹಿಟ್. ಡಿಸೆಂಬರ್ 23ಕ್ಕೆ ನಿಕರಾಗುವಾದ ಮನಾಗುವಾದಲ್ಲಿ ಭೂಕಂಪ. ಅದಕ್ಕೆ ಸ್ವಲ್ಪ ದಿನ ಮುಂಚೆಯಷ್ಟೇ ಪೋರ್ಟೊ ರಿಕೊ ತಂಡದ ಮ್ಯಾನೇಜರ್ ಆಗಿ ಅವರು ಆ ದೇಶದಲ್ಲಿದ್ದರು, ಪರಿಚಯದ ಜನ ಇದ್ದರು. ಸಾಮಾನು ಒಟ್ಟು ಮಾಡಿ ಕಳಿಸಿದರು. ಅದು ಅಲ್ಲಿನ ಸರ್ವಾಧಿಕಾರಿ ಸೊಮೋಜಾನ ಸೈನಿಕರ ಪಾಲಾಗುತ್ತಿದೆ ಅಂತ ಸುದ್ದಿ ಬಂತು. ನಾನೇ ಜೊತೆಗೆ ಹೋದರೆ ಯಾರೂ ಮುಟ್ಟಲ್ಲ ಅಂದುಕೊಂಡರು. ನನ್ನ ಮಗನ ಪೋಸ್ಟರ್‌ನಲ್ಲಿ ಇಲ್ಲದ್ದು ಇದೇ. ಆ ವಿಮಾನ ಹತ್ತಿಸಿದ್ದು ಬರೀ ದಯೆ ಅಲ್ಲ, ಸಿಟ್ಟು ಕೂಡ. ಡಿಸೆಂಬರ್ 31ರ ರಾತ್ರಿ, ಮಿತಿ ಮೀರಿ ತುಂಬಿದ್ದ ಹಳೇ ಡಿಸಿ-7 ವಿಮಾನ ಸಾನ್ ಹುವಾನ್‌ನಿಂದ ಏರಿದ ಸ್ವಲ್ಪ ಹೊತ್ತಿಗೇ ಸಮುದ್ರಕ್ಕೆ ಬಿತ್ತು. ಐದೂ ಜನ ಹೋದರು. ಕ್ಲೆಮೆಂಟೆ ಅವರ ದೇಹ ಸಿಗಲೇ ಇಲ್ಲ. ಜೊತೆಗಾರ ಮ್ಯಾನಿ ಸಾಂಗಿಯೆನ್ ಶ್ರದ್ಧಾಂಜಲಿ ಸಭೆಗೆ ಹೋಗದೆ, ನೀರಿಗಿಳಿದು ಹುಡುಕುತ್ತಿದ್ದರು.

ಹಾಲ್ ಆಫ್ ಫೇಮ್ ಆಟ ಮುಗಿದ ಮೇಲೆ ಐದು ವರ್ಷ ಕಾಯುವ ನಿಯಮ ಬಿಟ್ಟು 1973ರಲ್ಲೇ ಸೇರಿಸಿಕೊಂಡಿತು. ಅಲ್ಲಿಗೆ ಹೋದ ಮೊದಲ ಲ್ಯಾಟಿನ್ ಅಮೆರಿಕನ್ ಆಟಗಾರ ಇವರೇ. ಸಮಾಜಕ್ಕೆ ದುಡಿದ ಆಟಗಾರರಿಗೆ ಪ್ರತಿ ವರ್ಷ ಇವರ ಹೆಸರಲ್ಲಿ ಪ್ರಶಸ್ತಿ ಕೊಡುತ್ತಾರೆ. 2021ರಲ್ಲಿ ಅದು ಸಿಕ್ಕಿದ ನೆಲ್ಸನ್ ಕ್ರೂಸ್, ಡೊಮಿನಿಕನ್ ರಿಪಬ್ಲಿಕ್‌ನ ತಮ್ಮ ಊರಿಗೆ ಫೈರ್ ಎಂಜಿನ್, ಆಂಬುಲೆನ್ಸ್ ಕೊಡಿಸಿದವರು. ಊರಿಗೆ ಏನು ಬೇಕು ಅಂತ ಗೊತ್ತಿದ್ದವರ ಕೆಲಸ ಅದು.

ಈಗ ಇಲ್ಲೊಂದು ಚರ್ಚೆ ಆಗಾಗ ಏಳುತ್ತದೆ. ದೊಡ್ಡ ಲೀಗ್‌ನ ವರ್ಣಭೇದ ಮುರಿದ ಕಪ್ಪು ಆಟಗಾರ ಜಾಕಿ ರಾಬಿನ್‌ಸನ್ ಅವರ 42ನ್ನು ಎಲ್ಲ ತಂಡಗಳೂ ನಿಲ್ಲಿಸಿದ ಹಾಗೆ, 21ನ್ನೂ ಯಾರಿಗೂ ಕೊಡಬಾರದು ಅಂತ. ಪಕ್ಕದ ಮನೆ ಅಜ್ಜ ಆ ಪಕ್ಷ. ನಾನು ಅಲ್ಲ. ಆ ನಂಬರ್ ಮಕ್ಕಳ ಬೆನ್ನ ಮೇಲೆ ಓಡಾಡಲಿ. ನಮ್ಮ ಬಡಾವಣೆಯ ಮಕ್ಕಳ ಲೀಗ್‌ನಲ್ಲಂತೂ 21ಕ್ಕೆ ಪ್ರತಿ ವರ್ಷ ಜಗಳ, ಕೋಚ್ ಚೀಟಿ ಎತ್ತಿಸುತ್ತಾರೆ. ಈ ಸಲ ಅದು ಒಬ್ಬಳು ನೇಪಾಳಿ ಹುಡುಗಿಗೆ ಹೋಯಿತು. ಕೈ ಜೋರಾಗಿದೆ, ಓಟ ಸ್ವಲ್ಪ ನಿಧಾನ. ನಮ್ಮವನಿಗೆ 34 ಸಿಕ್ಕಿದೆ, ಇನ್ನೂ ಮುಖ ಊದಿಸಿಕೊಂಡಿದ್ದಾನೆ.