ಟ್ಯೂಕ್ಸ್‌ಬರಿಯ ಯುದ್ಧಕ್ಕೆ ನೀರು ಹೊತ್ತು

ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಿಂದ ಎಂ5 ಹೆದ್ದಾರಿ ಹಿಡಿದು ದಕ್ಷಿಣಕ್ಕೆ ಹೆಚ್ಚುಕಮ್ಮಿ ಒಂದು ಗಂಟೆ ಹೋದರೆ ಟ್ಯೂಕ್ಸ್‌ಬರಿ. ಸೆವರ್ನ್ ಮತ್ತು ಏವನ್ ನದಿ ಕೂಡುವ ಸಣ್ಣ ಊರು. ಬೇಸಿಗೆಯಲ್ಲಿ ಪೇಟೆ ಬೀದಿಯ ಅಂಗಡಿ, ಮನೆಗಳ ಮೇಲೆಲ್ಲ ಬಣ್ಣಬಣ್ಣದ ಬಾವುಟ ಕಟ್ಟಿರುತ್ತಾರೆ. ಸುಮ್ನೆ ಚಂದಕ್ಕೆ ಕಟ್ಟಿದ್ದಲ್ಲ. 1471ರ ಮೇ 4ರಂದು ಇಲ್ಲಿ ಕಾದಾಡಿದ ಸರದಾರರ ಗುರುತುಗಳು ಅವು. ಜುಲೈ ತಿಂಗಳಲ್ಲಿ ಒಂದು ಶನಿವಾರ, ಭಾನುವಾರ ಆ ಯುದ್ಧವನ್ನು ಊರ ಪಕ್ಕದ ಬಯಲಲ್ಲಿ ಮತ್ತೆ ಆಡಿ ತೋರಿಸುತ್ತಾರೆ.

ಮೊದಲ ಸಲ ನಾವು ಸುಮ್ನೆ ನೋಡೋಕೆ ಬಂದಿದ್ದೆವು. ಈ ಸಲ ಶುಕ್ರವಾರ ಸಂಜೆ ಬಂದಾಗ ಕಾರಿನ ತುಂಬ ಕ್ಯಾನ್ವಾಸ್ ಡೇರೆ, ಮರದ ಗೂಟ, ಕಬ್ಬಿಣದ ಪಾತ್ರೆ, ನಾಲ್ಕು ಜನರ ಉಣ್ಣೆ ಬಟ್ಟೆ. ನಾನು, ನಮ್ಮ ಮನೆಯವರು, 13 ವರ್ಷದ ಮಗಳು, 9 ವರ್ಷದ ಮಗ. ಎರಡು ವರ್ಷದಿಂದ ನಾವು ಹೀಗೆ ಹಳೆಯ ಯುದ್ಧ ಆಡಿ ತೋರಿಸುವ ಒಂದು ತಂಡದ ಸದಸ್ಯರು. ಕ್ರಿಕೆಟ್ ಕೋಚಿಂಗ್, ಡ್ಯಾನ್ಸ್ ಕ್ಲಾಸ್ ಅಂತ ಮಕ್ಕಳನ್ನು ಬಿಟ್ಟು ಕಾರಿನಲ್ಲೇ ಕಾಯುವ ಶನಿವಾರಗಳು ನನಗೆ ಸಾಕಾಗಿದ್ದವು. ನಾಲ್ಕೂ ಜನ ಒಟ್ಟಿಗೆ ಮಾಡುವ ಏನಾದರೂ ಬೇಕಿತ್ತು. ಇಲ್ಲಿ ಎಲ್ಲರಿಗೂ ಕೆಲಸ ಇದೆ, ಅದೇ ನನಗೆ ಹಿಡಿಸಿದ್ದು.

ಬಟ್ಟೆಯ ಕಥೆ ಹೇಳಲೇಬೇಕು. ಆಗಿನ ಸಾಮಾನ್ಯ ಸೈನಿಕನಿಗೆ ಮೈತುಂಬ ಉಕ್ಕಿನ ಕವಚ ಎಲ್ಲಿಂದ ಬರಬೇಕು? ಅವನು ತೊಡುತ್ತಿದ್ದದ್ದು ಜ್ಯಾಕ್ ಅಂತ, ಲಿನನ್ ಬಟ್ಟೆಯನ್ನು ಪದರದ ಮೇಲೆ ಪದರ ಇಟ್ಟು ಹೊಲಿದ ದಪ್ಪ ಅಂಗಿ. ನಮ್ಮ ಮನೆಯವರದ್ದು 18 ಪದರ. ಅದನ್ನು ಹೊಲಿಯುತ್ತಾ ಕೂತಾಗ ನನ್ನ ಬೆರಳೆಲ್ಲ ತೂತು. ಧಾರವಾಡದಿಂದ ಬಂದಿದ್ದ ನಮ್ಮ ಅತ್ತೆ ಎರಡು ದಿನ ನೋಡಿದರು, ಮೂರನೇ ದಿನ ಬಂದು ಪಕ್ಕದಲ್ಲಿ ಕೂತರು. "ಇದು ಕೌದಿ ಅಲ್ಲೇನವಾ? ನಡುವಿನಿಂದ ಹೊಲಕೋತ ಅಂಚಿಗೆ ಬಾ, ಇಲ್ಲಂದ್ರ ಪದರ ಸರೀತಾವ" ಅಂದರು. ಅಷ್ಟೇ, ಸೂಜಿ ಅವರ ಕೈಗೆ ಹೋಯಿತು. ಹಳೆ ಸೀರೆ ಒಟ್ಟುಮಾಡಿ ಜೀವನವಿಡೀ ಕೌದಿ ಹೊಲಿದ ಕೈ ಅದು. ತಂಡದಲ್ಲಿ ಹೊಲಿಗೆ ಬಲ್ಲ ಹೆಂಗಸೊಬ್ಬರು ಆ ಸಾಲುಗಳನ್ನು ಬೆರಳಲ್ಲಿ ಸವರಿ ನೋಡಿ, ಇದನ್ನು ಯಾರು ಹೊಲಿದದ್ದು ಅಂತ ಮೂರು ಸಲ ಕೇಳಿದರು. ನನಗೆ ಎಷ್ಟು ಹೆಮ್ಮೆ ಆಯಿತು ಅಂದರೆ, ಅಲ್ಲಿಂದಲೇ ಅತ್ತೆಗೆ ಫೋನ್ ಮಾಡಿದೆ.

ಡೇರೆ ಸಾಲಿನೊಳಗೆ ಬಂದಮೇಲೆ ವಾಚ್ ಇಲ್ಲ, ಪ್ಲಾಸ್ಟಿಕ್ ಕಣ್ಣಿಗೆ ಬೀಳುವ ಹಾಗಿಲ್ಲ, ಫೋನ್ ಪೆಟ್ಟಿಗೆಯೊಳಗೆ. ಅಡುಗೆ ಸೌದೆ ಒಲೆಯ ಮೇಲೆ. ಆಲೂಗಡ್ಡೆ, ಟೊಮೆಟೊ, ಮೆಣಸಿನಕಾಯಿ ಯಾವುದೂ ಇಲ್ಲ, ಅವೆಲ್ಲ ಅಮೆರಿಕದಿಂದ ಆಮೇಲೆ ಬಂದವು. ಬಾರ್ಲಿ, ಒಣ ಬಟಾಣಿ, ಈರುಳ್ಳಿ, ಲೀಕ್ ಹಾಕಿ ಗಂಟೆಗಟ್ಟಲೆ ಕುದಿಸಿದ ಗಂಜಿಯಂಥದ್ದು ಊಟ. ಮಗ ಮೊದಲ ದಿನ "ಖಾರ ಇಲ್ವಾ ಅಮ್ಮಾ?" ಅಂದ. ಆಗ ಅವನಿಗೆ ಹೇಳಿದೆ, 1471ರಲ್ಲಿ ಧಾರವಾಡದಲ್ಲೂ ಮೆಣಸಿನಕಾಯಿ ಇರಲಿಲ್ಲ ಕಣೋ, ಪೋರ್ಚುಗೀಸರು ಇನ್ನೂ ಬಂದಿರಲಿಲ್ಲ. ಆಗ ನಮ್ಮಲ್ಲಿ ವಿಜಯನಗರದ ಕಾಲ, ಖಾರ ಅಂದರೆ ಕಾಳುಮೆಣಸು. ಅದೇ ಕಾಳುಮೆಣಸು ನಮ್ಮ ಪಶ್ಚಿಮ ಕರಾವಳಿಯಿಂದ ಹಡಗು ಹತ್ತಿ, ಅರಬರ ಕೈ ದಾಟಿ, ವೆನಿಸ್‌ನ ವ್ಯಾಪಾರಿಗಳ ಮೂಲಕ ಇಂಗ್ಲೆಂಡಿನ ಅಡುಗೆಮನೆಗೂ ಬರುತ್ತಿತ್ತು. ಹಾಗಾಗಿ ನಾಲ್ಕು ಕಾಳು ಕುಟ್ಟಿ ಹಾಕಿದೆ. ಯಾರೂ ಬೇಡ ಅನ್ನಲಿಲ್ಲ.

ಶನಿವಾರ ಮಧ್ಯಾಹ್ನ ಯುದ್ಧ. ಅದಕ್ಕೆ ಮುಂಚೆ ಇದು ಯಾರ ಜಗಳ ಅಂತ ಹೇಳಿಬಿಡುತ್ತೇನೆ. ಯಾರ್ಕ್ ಮನೆತನ ಒಂದು ಕಡೆ, ಲ್ಯಾಂಕಾಸ್ಟರ್ ಮನೆತನ ಇನ್ನೊಂದು ಕಡೆ, ಇಂಗ್ಲೆಂಡಿನ ಸಿಂಹಾಸನಕ್ಕಾಗಿ ದಾಯಾದಿಗಳ ಕಾದಾಟ. ಲ್ಯಾಂಕಾಸ್ಟರ್ ಕಡೆ ರಾಣಿ ಮಾರ್ಗರೆಟ್ ಮತ್ತು ಅವಳ 17 ವರ್ಷದ ಮಗ ರಾಜಕುಮಾರ ಎಡ್ವರ್ಡ್. ಸೆವರ್ನ್ ದಾಟಿ ವೇಲ್ಸ್ ಕಡೆ ಹೋಗಬೇಕಿತ್ತು, ಆದರೆ ನದಿಗೆ ಸೇತುವೆ ಇದ್ದ ಗ್ಲಾಸ್ಟರ್ ಊರಿನವರು ಕೋಟೆ ಬಾಗಿಲು ತೆಗೆಯಲಿಲ್ಲ. ಇನ್ನೂ ಮೇಲಕ್ಕೆ ನಡೆದು ಟ್ಯೂಕ್ಸ್‌ಬರಿಗೆ ಬರುವಷ್ಟರಲ್ಲಿ ಸೈನ್ಯ ಸುಸ್ತು. ಹಿಂದೆ ಬೆನ್ನಟ್ಟಿ ಬಂದ ಯಾರ್ಕಿನ ರಾಜ ನಾಲ್ಕನೇ ಎಡ್ವರ್ಡ್‌ನ ಜನರೂ ಅಷ್ಟೇ, ಒಂದೇ ದಿನ 30 ಮೈಲಿಗಿಂತ ಜಾಸ್ತಿ ಬಿಸಿಲಲ್ಲಿ ನಡೆದಿದ್ದರು. ದಾರಿಯಲ್ಲಿ ಕುಡಿಯೋಕೆ ಸಿಕ್ಕಿದ್ದು ಒಂದು ಸಣ್ಣ ಹಳ್ಳ, ಅದನ್ನೂ ಗಾಡಿಗಳು ಹಾದು ರಾಡಿ ಮಾಡಿಬಿಟ್ಟವು ಅಂತ ಆ ಕಾಲದ ಬರಹದಲ್ಲೇ ಇದೆ. ಇಷ್ಟೆಲ್ಲ ರಾಜರ ಹೆಸರುಗಳ ನಡುವೆ ನನ್ನ ಮನಸ್ಸಿನಲ್ಲಿ ನಿಂತದ್ದು ಆ ರಾಡಿ ನೀರು.

ಯಾಕೆಂದರೆ ನನ್ನದೂ ಮಗಳದ್ದೂ ಕೆಲಸ ನೀರು ಹೊರುವುದು. ನಮ್ಮ ತಂಡದಲ್ಲಿ 16 ತುಂಬುವವರೆಗೆ ಯಾರೂ ಆಯುಧ ಹಿಡಿಯುವಂತಿಲ್ಲ. ಮಗ ಡೇರೆ ಹತ್ತಿರ ದೊಡ್ಡವರ ಜೊತೆ ಉಳಿದ. ನಾವಿಬ್ಬರು ಹೆಗಲಿಗೆ ಚರ್ಮದ ಬಾಟಲಿ ಹಾಕಿಕೊಂಡು ಸಾಲಿನ ಹಿಂದೆ. ಇದು ನಾಟಕದ ಪಾತ್ರ ಅಲ್ಲ, ನಿಜವಾದ ಕೆಲಸ. ಜುಲೈ ಬಿಸಿಲಲ್ಲಿ 18 ಪದರದ ಅಂಗಿ, ಮೇಲೆ ಉಕ್ಕಿನ ಶಿರಸ್ತ್ರಾಣ ಹಾಕಿಕೊಂಡು ಅರ್ಧ ಗಂಟೆ ಬಡಿದಾಡಿದವನಿಗೆ ನೀರು ಕೊಡದಿದ್ದರೆ ಆತ ಬಿದ್ದೇ ಹೋಗುತ್ತಾನೆ.

ಮೊದಲು ಬಿಲ್ಲುಗಾರರು. ಬಾಣದ ತುದಿಗೆ ರಬ್ಬರ್ ಗುಂಡು, ಬಿಲ್ಲೂ ಸಡಿಲ, ಎತ್ತರಕ್ಕೆ ಗುರಿಯಿಟ್ಟು ಬಿಡುತ್ತಾರೆ. ಆದರೂ ನೂರಾರು ಬಾಣ ಒಟ್ಟಿಗೆ ಮೇಲೇರಿದಾಗ ಸುಯ್ ಅನ್ನುವ ಸದ್ದು ಬರುತ್ತದಲ್ಲ, ಅದಕ್ಕೆ ಬೆನ್ನು ಜುಂ ಅನ್ನುತ್ತದೆ. ಆಮೇಲೆ ಬಿಲ್ ಹಿಡಿದವರು. ಬಿಲ್ ಅಂದರೆ ಆಳೆತ್ತರಕ್ಕಿಂತ ಉದ್ದದ ಕೋಲಿಗೆ ಕೊಕ್ಕೆಯ ಅಲಗು ಕೂರಿಸಿದ್ದು, ರೈತರು ಬೇಲಿ ಸವರುವ ಕತ್ತಿಯಿಂದಲೇ ಬೆಳೆದು ಬಂದ ಆಯುಧ. ನಮ್ಮ ಮನೆಯವರ ಕೈಯಲ್ಲಿದ್ದದ್ದೂ ಅದೇ. ಅಲಗು ಮೊಂಡ, ತಲೆಗೆ ಹೊಡೆಯುವ ಹಾಗಿಲ್ಲ, ಏಟನ್ನು ಕೊನೆಯಲ್ಲಿ ತಡೆದು ಹೊಡೆಯಬೇಕು. ತಿಂಗಳುಗಟ್ಟಲೆ ಅಭ್ಯಾಸ ಮಾಡಿಸಿಯೇ ಬಯಲಿಗೆ ಬಿಡುವುದು.

ಎರಡನೇ ಸಲ ನೀರು ಒಯ್ಯುವಾಗ ಹಸಿ ಹುಲ್ಲಿನ ಮೇಲೆ ನನ್ನ ಕಾಲು ಜಾರಿತು. ಚರ್ಮದ ಅಟ್ಟೆಗೆ ಹಿಡಿತವೇ ಇಲ್ಲ. ಮಂಡಿ ತರಚಿತು, ಬಾಟಲಿ ಅರ್ಧ ಖಾಲಿ. ಮಗಳು ನಿಲ್ಲಲಿಲ್ಲ. ತನ್ನ ಬಾಟಲಿ ಹಿಡಿದು ನೇರ ಸಾಲಿಗೆ ಹೋಗಿ ಒಬ್ಬೊಬ್ಬರ ಬಾಯಿಗೆ ಎತ್ತಿ ಹಿಡಿದಳು. ಅವರ ಎರಡೂ ಕೈಯಲ್ಲಿ ಕೋಲು, ಹಾಗಾಗಿ ಕುಡಿಸಲೇಬೇಕು. ಎದುರಾಳಿ ಕಡೆಯವನೊಬ್ಬ ಹತ್ತಿರ ಬಿದ್ದಿದ್ದ, ಅವನಿಗೂ ಕೊಟ್ಟಳು. ಮನೆಯಲ್ಲಿ ಕರೆದರೆ ರೂಮಿನಿಂದ ಹೊರಗೆ ಬಾರದ ಹುಡುಗಿ ಅವಳು.

ಕೊನೆಗೆ ಲ್ಯಾಂಕಾಸ್ಟರ್ ಸಾಲು ಮುರಿಯಿತು. ನಮ್ಮ ಮನೆಯವರು ಆ ಕಡೆಯೇ. ಅವರು ಬೀಳುತ್ತಾರೆ ಅಂತ ಮೊದಲೇ ಮಾತಾಗಿತ್ತು, ಆದರೂ ಬಿದ್ದಾಗ ಮಗಳ ಕೈ ನನ್ನ ಕೈಯನ್ನು ಗಟ್ಟಿಯಾಗಿ ಹಿಡಿಯಿತು. ಸತ್ತವರನ್ನು ಏಳಿಸುವ ಮೊದಲು ಸ್ವಲ್ಪ ಹೊತ್ತು ಎಲ್ಲರೂ ಸುಮ್ಮನೆ ನಿಂತೆವು. ಅಂದು ಓಡಿಹೋದವರನ್ನು ನದಿ ಕಡೆಯ ಹುಲ್ಲುಗಾವಲಿನಲ್ಲಿ ಅಟ್ಟಿ ಕೊಂದರು. ಆ ಜಾಗಕ್ಕೆ ಇವತ್ತಿಗೂ ರಕ್ತದ ಹುಲ್ಲುಗಾವಲು ಅಂತಲೇ ಹೆಸರು. ನಮ್ಮೂರ ಕಡೆ ಇಂಥ ಕಡೆ ಒಂದಾದರೂ ವೀರಗಲ್ಲು ನಿಂತಿರುತ್ತದೆ, ಕಲ್ಲಿನಲ್ಲಿ ಸತ್ತವನ ಮುಖ ಇರುತ್ತದೆ. ಇಲ್ಲಿ ಬರೀ ಹುಲ್ಲು.

ಭಾನುವಾರ ಬೆಳಗ್ಗೆ, ಹಿಂದೆ ಸನ್ಯಾಸಿಗಳ ಮಠವಾಗಿದ್ದ ಊರಿನ ಅಬ್ಬೆ ಚರ್ಚಿಗೆ ಹೋದೆವು. ಸೋತ ಸರದಾರರು ಓಡಿಬಂದು ಆಶ್ರಯ ಪಡೆದದ್ದು ಇಲ್ಲಿಯೇ. ಅವರ ಮುಖ್ಯಸ್ಥನಾಗಿದ್ದ ಸಾಮರ್ಸೆಟ್‌ನ ಡ್ಯೂಕ್‌ನನ್ನು ಹೊರಗೆ ತಂದು ಊರ ನಡುವೆ ತಲೆ ಕಡಿದರು. ಒಳಗೆ ನೆಲದಲ್ಲಿ ಒಂದು ಹಿತ್ತಾಳೆ ಫಲಕ, ಯುದ್ಧದಲ್ಲಿ ಸತ್ತ ಆ 17ರ ರಾಜಕುಮಾರನದ್ದು. ತಾಯಿಗೆ ನೀನೊಬ್ಬನೇ ಬೆಳಕಾಗಿದ್ದೆ ಅಂತ ಅದರಲ್ಲಿ ಲ್ಯಾಟಿನ್‌ನಲ್ಲಿ ಬರೆದಿದೆ. ತಲೆಯೆತ್ತಿದರೆ ಮೇಲಿನ ಚಾವಣಿಯಲ್ಲಿ ಚಿನ್ನದ ಬಣ್ಣದ ಸೂರ್ಯಗಳು. ಅದು ಗೆದ್ದ ಯಾರ್ಕ್ ಮನೆತನದ ಗುರುತು. ಮಗಳು ಕೆಳಗೊಮ್ಮೆ ಮೇಲೊಮ್ಮೆ ನೋಡಿದಳು. "ನನಗಿಂತ ನಾಲ್ಕೇ ವರ್ಷ ದೊಡ್ಡವನು ಅಲ್ವಾ" ಅಂದಳು. ನನಗೆ ಮಾತು ಬರಲಿಲ್ಲ, ಅವಳ ತಲೆ ಮೇಲೆ ಕೈಯಿಟ್ಟೆ.

ಶುರು ಮಾಡುವ ಆಸೆ ಇರುವವರಿಗೆ ಒಂದು ಮಾತು. ಮೊದಲೇ ಏನೂ ಕೊಳ್ಳಬೇಡಿ. ತಂಡಗಳಲ್ಲಿ ಹೊಸಬರಿಗೆ ಬಟ್ಟೆ ಎರವಲು ಸಿಗುತ್ತದೆ, ಒಂದು ಬೇಸಿಗೆ ಅದರಲ್ಲೇ ಕಳೆಯಿರಿ. ಆಮೇಲೆ ಕೈಯಲ್ಲಿ ದುಡ್ಡಿದ್ದರೆ ಮೊದಲು ಒಳ್ಳೆ ಶೂ, ಆಮೇಲೆ ಉಣ್ಣೆಯ ಹೊದಿಕೆ. ಜುಲೈ ರಾತ್ರಿಯೂ ಡೇರೆಯಲ್ಲಿ ಚಳಿ ಕಚ್ಚುತ್ತದೆ.

ಮನೆಗೆ ಬಂದು ಗಂಟು ಬಿಚ್ಚಿದಾಗ ಜ್ಯಾಕಿನ ಕಂಕುಳ ಹತ್ತಿರ ಒಂದು ಗೇಣು ಹೊಲಿಗೆ ಬಿಚ್ಚಿತ್ತು. ವಿಡಿಯೋ ಕಾಲ್‌ನಲ್ಲಿ ಅತ್ತೆಗೆ ತೋರಿಸಿದೆ. "ಎರಡೆಳಿ ದಾರ ತಗೋ" ಅಂದರು. ಸೂಜಿಗೆ ದಾರ ಪೋಣಿಸಿಕೊಂಡು ಮಗ ಪಕ್ಕದಲ್ಲಿ ಬಂದು ಕೂತ.