ಕೈಗೆ ಕೇಳಿಸುವ ಮೀನು

ಮಂಡ್ಯ ಕಡೆಯ ಹುಡುಗರಿಗೆ ಗಾಳ ಹಾಕೋದನ್ನು ಯಾರೂ ಕೂರಿಸಿಕೊಂಡು ಹೇಳಿಕೊಡುವುದಿಲ್ಲ. ವಿ.ಸಿ. ನಾಲೆಯಲ್ಲಿ ನೀರು ಇಳಿದರೆ ಸಾಕು, ಸ್ಕೂಲ್ ಬ್ಯಾಗ್ ಬಿಸಾಕಿ ಏರಿ ಮೇಲೆ ಸಾಲಾಗಿ ಕೂರುತ್ತಿದ್ದೆವು. ಒಂದು ಬಿದಿರು ಕಡ್ಡಿ, ನೈಲಾನ್ ದಾರ, ತೆಂಗಿನ ಚಿಪ್ಪಿನಲ್ಲಿ ಎರೆಹುಳು. ಹಳೇ ಹವಾಯಿ ಚಪ್ಪಲಿಯಿಂದ ಕೊಯ್ದ ತುಂಡೇ ಬೆಂಡು. ಬೆಂಡು ಮುಳುಗಿತಾ, ಎತ್ತು. ನಮ್ಮ ವಿದ್ಯೆ ಅಷ್ಟೇ. ಸಿಗುತ್ತಿದ್ದದ್ದು ಜಾಸ್ತಿ ಜಿಲೇಬಿ ಮೀನು. ತಿನ್ನೋಕೆ ಮುಳ್ಳಿನ ಕಾಟ, ಆದರೂ ನಾವೇ ಹಿಡಿದದ್ದಲ್ವಾ!

ಇದರಲ್ಲಿ ನನ್ನ ಸೋದರಮಾವ ನಿಜವಾದ ನಿಪುಣ. ಬಿದಿರನ್ನು ಒಲೆ ಮೇಲಿನ ಅಟ್ಟದಲ್ಲಿ ಹೊಗೆಗೆ ಇಟ್ಟು ಹದ ಮಾಡುತ್ತಿದ್ದ. ಊರಲ್ಲಿ ಮಾತ್ರ ಅವನಿಗೆ ಒಳ್ಳೇ ಹೆಸರಿರಲಿಲ್ಲ. ಗಾಳ ಹಿಡಿದು ಕೂತವನು ಅಂದರೆ ಕೆಲಸವಿಲ್ಲದವನು ಅಂತಲೇ ಲೆಕ್ಕ.

ನಾನು ಈಗ ಇರುವ ಅಮೆರಿಕದ ಮಿನೆಸೋಟಾದಲ್ಲಿ ಇದು ತಿರುವುಮುರುವು. ಇಲ್ಲಿನ ಕಾರುಗಳ ನಂಬರ್ ಪ್ಲೇಟ್ ಮೇಲೇ '10,000 ಕೆರೆಗಳು' ಅಂತ ಬರೆದಿರುತ್ತದೆ. ಮೇ ತಿಂಗಳಲ್ಲಿ ವಾಲೈ ಮೀನಿನ ಸೀಸನ್ ಶುರುವಾಗುವ ವಾರ ಆಫೀಸಲ್ಲಿ ಮ್ಯಾನೇಜರೇ ಮೊದಲು ರಜೆ ಹಾಕುತ್ತಾನೆ. ಲೈಸೆನ್ಸ್ ಇಲ್ಲದೆ ದೊಡ್ಡವರು ಗಾಳ ಹಾಕುವಂತಿಲ್ಲ. ಎಷ್ಟು ಮೀನು, ಎಷ್ಟುದ್ದದ್ದು ಮನೆಗೆ ಒಯ್ಯಬಹುದು ಅನ್ನುವುದಕ್ಕೂ ನಿಯಮ ಇದೆ. ಮಾವನಿಗೆ ಫೋನಲ್ಲಿ ಇದನ್ನೆಲ್ಲ ಹೇಳಿದಾಗ, "ಮೀನ್ಗೂ ಅಳತೆ ಪಟ್ಟೀನಾ?" ಅಂತ ಬಹಳ ಹೊತ್ತು ನಕ್ಕ.

ಮೊದಲು ಪಕ್ಕದ ಮನೆಯವರು ಕೊಟ್ಟ ಹಳೇ ಫೈಬರ್‌ಗ್ಲಾಸ್ ರಾಡ್, ಅಂದರೆ ಗಾಜಿನ ನಾರಿನ ಗಾಳದ ಕೋಲು, ಹಿಡಿದುಕೊಂಡು ಹೋಗುತ್ತಿದ್ದೆ. ಗಟ್ಟಿ ಸಾಮಾನು, ಎಳೆದಾಡಿದರೂ ಮುರಿಯದು. ಆದರೆ ಭಾರ. ಬುಡದವರೆಗೂ ಬಾಗುತ್ತಿತ್ತು. ಜೊತೆಗಿದ್ದವರು ವಾಲೈ ಮೇಲೆ ವಾಲೈ ಎತ್ತುತ್ತಿದ್ದರೆ ನನ್ನ ಹುಳು ಮಾತ್ರ ಮಾಯವಾಗಿರುತ್ತಿತ್ತು. ವಾಲೈ ಗಬಕ್ಕನೆ ನುಂಗಿ ಓಡುವ ಮೀನಲ್ಲ. ಸಂಜೆಗತ್ತಲಲ್ಲೂ ಚೆನ್ನಾಗಿ ಕಾಣುವ ದೊಡ್ಡ ಬೆಳ್ಳಗಿನ ಕಣ್ಣು ಅದಕ್ಕೆ. ಹತ್ತಿರ ಬಂದು ಮೆಲ್ಲಗೆ ಬಾಯಿ ಹಾಕಿ, ಅನುಮಾನ ಬಂದರೆ ಉಗಿದುಬಿಡುತ್ತದೆ. ತಳದಲ್ಲಿ ಅಷ್ಟೆಲ್ಲ ನಡೆಯುತ್ತಿದ್ದರೂ ನನಗೆ ಏನೂ ತಿಳಿಯುತ್ತಿರಲಿಲ್ಲ.

ನನ್ನ ಮೊದಲ ಗ್ರಾಫೈಟ್ ರಾಡ್, ಅಂದರೆ ಇಂಗಾಲದ ನೂಲಿನಿಂದ ಮಾಡಿದ್ದು, ಸಿಕ್ಕಿದ್ದು ಮನೆ ಮುಂದೆ ಹಳೇ ಸಾಮಾನು ಮಾರುವ ಒಂದು ಗರಾಜ್ ಸೇಲ್‌ನಲ್ಲಿ. ಮಾರುತ್ತಿದ್ದ ಅಜ್ಜ ಅದನ್ನು ನನ್ನ ಕೈಗೆ ಕೊಟ್ಟು, ಅದರ ತುದಿಯನ್ನು ತನ್ನ ಗಂಟಲಿಗೆ ಒತ್ತಿಕೊಂಡು ಏನೋ ಮಾತಾಡಿದ. ಅವನ ದನಿಯ ನಡುಕ ನೇರ ನನ್ನ ಅಂಗೈಗೆ ಬಂತು! ಬೇರೆ ಮಾತೇ ಬೇಕಾಗಲಿಲ್ಲ. ಚೌಕಾಸಿ ಕೂಡ ಮಾಡದೆ ದುಡ್ಡು ಕೊಟ್ಟೆ. ಮಂಡ್ಯದವನು ಚೌಕಾಸಿ ಬಿಟ್ಟ ಅಂದರೆ ನೀವೇ ಊಹಿಸಿ.

ಆಮೇಲೆ ಕೆರೆಯಲ್ಲಿ ಆದದ್ದೂ ಅದೇ. ಸೀಸದ ಗುಂಡು ಕಲ್ಲಿಗೆ ತಾಗಿದರೆ ಒಂದು ತರ, ಪಾಚಿಗೆ ಸಿಕ್ಕಿದರೆ ಒಂದು ತರ, ಮರಳ ಮೇಲೆ ಎಳೆದರೆ ಇನ್ನೊಂದು ತರ. ನೀರೊಳಗಿನ ನೆಲ ಹೇಗಿದೆ ಅಂತ ಕೈ ಹೇಳತೊಡಗಿತು. ಮೀನು ಬಾಯಿ ಹಾಕಿದಾಗ ಬೆರಳಿಗೆ 'ಟಕ್' ಅಂತ ಒಂದೇ ಒಂದು ಸಣ್ಣ ಏಟು. ಅಷ್ಟು ವರ್ಷ ಬೆಂಡನ್ನೇ ದಿಟ್ಟಿಸುತ್ತಿದ್ದ ನನಗೆ, ಬೇರೆ ಕಡೆ ನೋಡುತ್ತಾ ಮೀನು ಹಿಡಿಯಬಹುದು ಅನ್ನುವುದೇ ಹೊಸದು.

ಈ ರಾಡ್ ಮಾಡುವ ಕೆಲಸವೂ ಸ್ವಾರಸ್ಯವಾಗಿದೆ. ಸ್ವೆಟರ್‌ಗೆ ಬಳಸುವ ಅಕ್ರಿಲಿಕ್ ಇದೆಯಲ್ಲ, ಅದೇ ಜಾತಿಯ ನೂಲನ್ನು ಆಮ್ಲಜನಕ ಸೋಕದಂತೆ ಸಾವಿರ ಡಿಗ್ರಿಗೂ ಮೀರಿ ಕಾಯಿಸುತ್ತಾರೆ. ಉಳಿಯುವುದು ಬಹುಪಾಲು ಬರೀ ಇಂಗಾಲ. ಆ ನೂಲಿನ ಹಾಳೆಗೆ ಅಂಟು ಕುಡಿಸಿ, ಉಕ್ಕಿನ ಸರಳಿಗೆ ಸುತ್ತಿ, ಬೇಯಿಸಿ, ಸರಳು ಎಳೆದುಬಿಟ್ಟರೆ ಟೊಳ್ಳಾದ ರಾಡ್ ಸಿದ್ಧ. 1960ರ ದಶಕದಲ್ಲಿ ಇಂಗ್ಲೆಂಡಿನ ಫಾರ್ನ್‌ಬರೋದಲ್ಲಿ ವಿಮಾನಗಳಿಗಾಗಿ ಈ ನೂಲಿನ ಮೇಲೆ ಕೆಲಸ ನಡೆದಿತ್ತು. 1970ರ ದಶಕದ ಆರಂಭದಲ್ಲಿ ಅಮೆರಿಕದ ಫೆನ್ವಿಕ್ ಕಂಪನಿ ಎಚ್‌ಎಂಜಿ ಅನ್ನುವ ಗ್ರಾಫೈಟ್ ರಾಡ್ ಮಾಡಿತು. ಹಗುರ, ಆದರೆ ಬಿಗಿ. ಬಿಗಿ ಇರುವುದರಿಂದಲೇ ತುದಿಯ ಸಣ್ಣ ಅಲುಗಾಟವೂ ದಾರಿಯಲ್ಲಿ ಕಳೆದುಹೋಗದೆ ಕೈ ಸೇರುತ್ತದೆ.

ಹಾಗಂತ ರಾಡ್ ಇದ್ದವನೇ ಶೂರ ಅಂತಲ್ಲ. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದ ಡಿ ವೆಟ್ ನಮ್ಮ ಸೀಮೆಯ ಹೊಳೆಯಲ್ಲೇ 120 ಪೌಂಡಿನ, ಅಂದರೆ ಸುಮಾರು 54 ಕೆಜಿಯ ಮಹಶೀರ್ ಮೀನು ಹಿಡಿದಿದ್ದರು. ಪ್ರಾಣಿಗಳ ಚರ್ಮ ಹದ ಮಾಡಿ ಬೊಂಬೆ ನಿಲ್ಲಿಸುವುದರಲ್ಲಿ ಹೆಸರಾದ ಮನೆತನ ಅದು. ಆಗ ಗ್ರಾಫೈಟ್ ರಾಡ್ ಎಲ್ಲಿತ್ತು? ಮಳವಳ್ಳಿ ತಾಲ್ಲೂಕಿನ ಭೀಮೇಶ್ವರಿಗೆ ವಿದೇಶದಿಂದ ದುಬಾರಿ ರಾಡ್ ಹೊತ್ತು ಬಂದವರೂ ಕೊನೆಗೆ ಗಾಳಕ್ಕೆ ಸಿಕ್ಕಿಸಿದ್ದು ನಮ್ಮ ರಾಗಿ ಮುದ್ದೆಯನ್ನೇ. ಅಲ್ಲಿನ ಕಿತ್ತಳೆ ರೆಕ್ಕೆಯ ಮಹಶೀರ್ ಈಗ ಅಳಿವಿನ ಅಂಚಿನಲ್ಲಿದೆ. ಕಾವೇರಿ ವನ್ಯಜೀವಿ ಧಾಮದೊಳಗೆ ಗಾಳ ಹಾಕುವಂತಿಲ್ಲ. ಅದು ಸರಿಯೇ ಅನ್ನೋದು ನನ್ನ ಅಭಿಪ್ರಾಯ.

ಒಮ್ಮೆ ರಜೆಗೆ ಬಂದಾಗ ರಾಡನ್ನು ಊರಿಗೆ ತಂದಿದ್ದೆ. ಮಾವ ಕೈಗೆ ತಗೊಂಡವನೇ ಹುಬ್ಬು ಏರಿಸಿದ. "ಇದೇನ್ಲಾ, ಒಳಗೆ ಬರೀ ಗಾಳಿ ತುಂಬವ್ರಾ?" ನಾಲೆಗೆ ಹೋಗಿ ಅಭ್ಯಾಸಬಲದಿಂದ ಬೆಂಡು ಕಟ್ಟಿದ. ಸ್ವಲ್ಪ ಹೊತ್ತು ಕೂತು, "ಬೆಂಡೇ ಎಲ್ಲಾ ಹೇಳ್ತದಲ್ಲ, ಇಷ್ಟ್ ದುಡ್ ಕೊಟ್ಟು ಇದ್ಯಾಕ್ಲಾ?" ಅಂದ. ಮಾತು ನ್ಯಾಯವಾಗಿತ್ತು. ಬೆಂಡು ಕಟ್ಟಿದ ಮೇಲೆ ಬಿದಿರಿಗೂ ಇದಕ್ಕೂ ಅಂಥ ವ್ಯತ್ಯಾಸವಿಲ್ಲ. ಬೆಂಡು ಬಿಚ್ಚಿ ಸೀಸದ ಗುಂಡು ಹಾಕಿ ತಳಕ್ಕೆ ಬಿಟ್ಟುಕೊಟ್ಟೆ. ಬೀಡಿ ಹಚ್ಚಲು ಹೋದವನು ಹಾಗೇ ನಿಂತ. "ಕಚ್ತಾ ಅದೆ ಕಣ್ಲಾ! ಕಾಣ್ತಾ ಇಲ್ಲ, ಆದ್ರೆ ಕಚ್ತಾ ಅದೆ!" ಬಂದದ್ದು ಬೆರಳುದ್ದದ ಮೀನು. ಅದನ್ನು ನೀರಿಗೇ ಬಿಟ್ಟು ಮತ್ತೆ ಗಾಳ ಎಸೆದ. ಆ ರಾಡ್ ವಾಪಸ್ ಮಿನೆಸೋಟಾಕ್ಕೆ ಬರಲಿಲ್ಲ ಅಂತ ಬೇರೆ ಹೇಳಬೇಕಾ?

ಈಗ ಊರಿನ ಕಡೆಯಿಂದ ಆಗಾಗ ಫೋನ್ ಬರುತ್ತದೆ, ನಮಗೂ ಒಂದು ತಂದುಕೊಡಿ ಅಂತ. ನಾಲೆಗೆ, ಕೆರೆಗೆ ಆರೂವರೆ ಅಡಿಯದು ಧಾರಾಳ ಸಾಕು. ಎರಡು ತುಂಡಿನದಾದರೆ ಪ್ಲಾಸ್ಟಿಕ್ ಪೈಪಿನೊಳಗೆ ಹಾಕಿ ವಿಮಾನದಲ್ಲಿ ತರಬಹುದು. ಗ್ರಾಫೈಟ್ ಬಾಗುತ್ತದೆ, ಆದರೆ ಏಟು ತಡೆಯುವುದಿಲ್ಲ. ಕಲ್ಲಿಗೆ ಬಡಿದು ಸಣ್ಣ ಗೀರು ಬಿದ್ದರೂ ಮುಂದೊಂದು ದಿನ ಸರಿಯಾಗಿ ಅಲ್ಲೇ ಮುರಿಯುತ್ತದೆ. ಬೈಕಿನ ಹಿಂದೆ ಕಟ್ಟಿಕೊಂಡು ಹೋಗುವವರು ಬಟ್ಟೆ ಸುತ್ತಿ ಕಟ್ಟಿ.

ಮತ್ತೊಂದು ವಿಷಯ, ಇದು ಮುಖ್ಯ. ಗ್ರಾಫೈಟ್‌ನಲ್ಲಿ ಕರೆಂಟ್ ಹರಿಯುತ್ತದೆ. ಒಣ ಬಿದಿರಿನ ಹಾಗೆ ಅಂದುಕೊಳ್ಳಬೇಡಿ. ನಾಲೆ ಏರಿ ಮೇಲೆ ಎಲ್ಲೆಲ್ಲಿ ತಂತಿ ಜೋತುಬಿದ್ದಿದೆ ಅಂತ ನಿಮಗೇ ನನಗಿಂತ ಚೆನ್ನಾಗಿ ಗೊತ್ತು. ಅಲ್ಲಿ ರಾಡ್ ಎತ್ತಬೇಡಿ. ಗುಡುಗು ಶುರುವಾದರೆ ಎಂಥ ಮೀನು ಕಚ್ಚಿದ್ದರೂ ರಾಡ್ ಕೆಳಗಿಟ್ಟು ಮನೆಗೆ ನಡೆಯಿರಿ.