ಸೋಯಾ ಹಾಲು ಉಕ್ಕಿದ ಮೇಲೂ ಕುದಿಯಬೇಕು

ಪ್ಯಾಕೆಟ್ ಸೋಯಾ ಹಾಲು ಒಂದು ಗುಟುಕು ಕುಡಿದು "ಅಯ್ಯೋ, ಹಸಿ ಕಾಳಿನ ವಾಸನೆ" ಅಂತ ಲೋಟ ಕೆಳಗಿಟ್ಟವರು ನಮ್ಮ ಚಿಕ್ಕಮಗಳೂರಿನ ಮನೆಯಲ್ಲೇ ಇದ್ದಾರೆ. ಅವರನ್ನು ನಾನು ದೂರುವುದಿಲ್ಲ. ಅದು ತಿಂಗಳುಗಟ್ಟಲೆ ಕೆಡದೆ ಇರಲಿ ಅಂತ ಮಾಡಿದ್ದು. ನಾನು ಕೆಲಸಕ್ಕೆಂದು ಇರುವ ಶಾಂಘೈಯಲ್ಲಿ ಸೋಯಾ ಹಾಲು ಅಂದರೆ ಬೆಳಗಿನ ಜಾವ ರುಬ್ಬಿ, ಕುದಿಸಿ, ತಿಂಡಿ ಹೊತ್ತಿಗೆ ಖಾಲಿಯಾಗುವಂಥದ್ದು. ದೌಜಿಯಾಂಗ್ ಅಂತಾರೆ. ಜೊತೆಗೆ ಯೌಟಿಯಾವ್ ಅಂತ ಉದ್ದಕ್ಕೆ ಕರಿದ ಮೈದಾ ತಿಂಡಿ ಇರುತ್ತದೆ, ಮುರಿದು ಬಿಸಿ ಹಾಲಲ್ಲಿ ಅದ್ದಿ ತಿನ್ನಬೇಕು.

ಆದರೆ ಅಲ್ಲೂ ಎಲ್ಲ ಕಡೆ ಒಳ್ಳೆಯದೇ ಸಿಗುತ್ತದೆ ಅಂತಿಲ್ಲ. ಬಿಸಿನೀರಿಗೆ ಪುಡಿ ಕಲಸಿ ಕೊಡುವ ಅಂಗಡಿಗಳೂ ಇವೆ. ನಾನು ಮೊದಲು ನೋಡುವುದು ರುಬ್ಬುವ ಯಂತ್ರ ಕಣ್ಣಿಗೆ ಬೀಳುತ್ತದೆಯೇ ಅಂತ, ಆಮೇಲೆ ಅಕ್ಕಪಕ್ಕದ ವಯಸ್ಸಾದವರು ಅಲ್ಲಿ ಸಾಲು ನಿಲ್ಲುತ್ತಾರೆಯೇ ಅಂತ. ಸಕ್ಕರೆ ಹಾಕದ ಹಾಲು ಕೇಳಿ ಕುಡಿಯುತ್ತೇನೆ, ಯಾಕೆಂದರೆ ಸಿಹಿ ಇಲ್ಲದಿದ್ದರೆ ನೀರಾಗಿದೆಯೋ, ತಳ ಹಿಡಿದಿದೆಯೋ ನಾಲಿಗೆಗೆ ತಕ್ಷಣ ಗೊತ್ತಾಗುತ್ತದೆ. ಗಟ್ಟಿ ಹಾಲು ಸ್ವಲ್ಪ ಆರಿದರೆ ಮೇಲೆ ತೆಳ್ಳಗೆ ಕೆನೆ ಕಟ್ಟುತ್ತದೆ. ಶಾಂಘೈ ಕಡೆ ಉಪ್ಪಿನ ದೌಜಿಯಾಂಗ್ ಕೂಡ ಇದೆ, ಬಟ್ಟಲಲ್ಲಿ ವಿನೆಗರ್ ಬೀಳುತ್ತಿದ್ದಂತೆ ಹಾಲು ಮೆತ್ತಗೆ ಒಡೆಯುತ್ತದೆ. ನನಗೆ ಬಹಳ ಇಷ್ಟ. ಅದಕ್ಕೆ ಒಣ ಸೀಗಡಿ ಹಾಕುವುದು ರೂಢಿ, ಸಸ್ಯಾಹಾರಿಗಳು ಮೊದಲೇ ಹೇಳಬೇಕು.

ಮನೆಯಲ್ಲಿ ಮಾಡಿಕೊಳ್ಳುವವರಿಗೆ ಅಲ್ಲಿ ಯಂತ್ರವೇ ಇದೆ. ಜೋಯೌಂಗ್ ಕಂಪನಿ 1994ರಿಂದ ಇದನ್ನೇ ಮಾಡುತ್ತಾ ಬಂದಿದೆ. ಒಂದೇ ಜಗ್ಗಿನಲ್ಲಿ ರುಬ್ಬಿ ಕುದಿಸಿಯೂ ಕೊಡುತ್ತದೆ.

ಊರಿಗೆ ಬಂದಾಗ ನನಗೆ ಮಿಕ್ಸಿಯೇ ಸಾಕು. ನಮ್ಮ ರಾಜ್ಯದಲ್ಲಿ ಸೋಯಾ ಬೆಳೆಯುವುದು ಬೀದರ್, ಬೆಳಗಾವಿ, ಧಾರವಾಡದ ಕಡೆ. ಹೊಸ ಫಸಲಿನ ಕಾಳು ತರಬೇಕು, ಹಳೆಯದು ಕಹಿ. ರುಬ್ಬುವಾಗ 100 ಗ್ರಾಂ ಕಾಳಿಗೆ ಸುಮಾರು 800 ಮಿಲಿ ನೀರು. ರಾತ್ರಿ ನೆನೆಸಿದರೆ ಬೆಳಗ್ಗೆ ಸರಿಯಾಗಿರುತ್ತದೆ, ಮಳೆಗಾಲದ ಚಳಿಯಲ್ಲಿ ಮಾತ್ರ ಇನ್ನೂ ನಾಲ್ಕು ಗಂಟೆ ಬಿಡಿ. ಆ ಹಸಿ ವಾಸನೆ ಹುಟ್ಟುವುದು ರುಬ್ಬುವಾಗಲೇ. ಕಾಳಿನೊಳಗಿನ ಒಂದು ಕಿಣ್ವ ಗಾಳಿ ತಾಗಿದ ಕೂಡಲೇ ಕೆಲಸ ಶುರು ಮಾಡುತ್ತದೆ, ಬಿಸಿ ಕೊಟ್ಟರೆ ಸುಮ್ಮನಾಗುತ್ತದೆ. ಹಾಗಾಗಿ ವಾಸನೆ ಆಗದವರಿದ್ದರೆ ನೆನೆದ ಕಾಳನ್ನು ಐದು ನಿಮಿಷ ಕುದಿಯುವ ನೀರಲ್ಲಿ ಹಾಕಿ ತೆಗೆದು ಆಮೇಲೆ ರುಬ್ಬಿ. ತೆಳು ಪಂಚೆ ಬಟ್ಟೆಯಲ್ಲಿ ಹಿಂಡಿ ಸೋಸಿ.

ಮುಂದಿನದು ಮುಖ್ಯ, ದಯವಿಟ್ಟು ಅವಸರ ಮಾಡಬೇಡಿ. ಸೋಯಾ ಹಾಲು 80-90 ಡಿಗ್ರಿಗೇ ನೊರೆ ಉಕ್ಕಿಸುತ್ತದೆ. ನೋಡಿದವರು ಕುದಿಯಿತು ಅಂತ ಒಲೆ ಆರಿಸುತ್ತಾರೆ. ಅದು ಕುದಿ ಅಲ್ಲ. ಹಸಿ ಸೋಯಾದಲ್ಲಿ ಪ್ರೋಟೀನ್ ಜೀರ್ಣವಾಗಲು ಬಿಡದ ಅಂಶಗಳಿರುತ್ತವೆ, ಅರೆಬೆಂದ ಹಾಲು ಕುಡಿದರೆ ಹೊಟ್ಟೆ ತೊಳಸುತ್ತದೆ, ವಾಂತಿಯೂ ಆಗಬಹುದು. ನೊರೆ ಎದ್ದಾಗ ಉರಿ ಸಣ್ಣ ಮಾಡಿ, ಅದು ಇಳಿದು ಹಾಲು ನಿಜವಾಗಿ ಕುದಿಯಲು ಶುರುವಾದ ಮೇಲೆ ಹತ್ತು ನಿಮಿಷ ತಳ ಕೆದಕುತ್ತಾ ಇರಿ. ಚಿಕ್ಕಮಗಳೂರು ಸಮುದ್ರಮಟ್ಟಕ್ಕಿಂತ ಸಾವಿರ ಮೀಟರ್‌ಗೂ ಎತ್ತರದಲ್ಲಿದೆ, ಇಲ್ಲಿ ನೀರು 97 ಡಿಗ್ರಿಯ ಆಸುಪಾಸಲ್ಲೇ ಕುದಿಯುತ್ತದೆ, ಅದಕ್ಕೇ ನಾನು ಇಲ್ಲಿ ಇನ್ನೂ ಐದು ನಿಮಿಷ ಜಾಸ್ತಿ ಬಿಡುತ್ತೇನೆ.

ಬಟ್ಟೆಯಲ್ಲಿ ಉಳಿದ ಚರಟ ಎಸೆಯಬೇಡಿ. ಅಕ್ಕಿ ಹಿಟ್ಟು, ಈರುಳ್ಳಿ, ಸಬ್ಬಸಿಗೆ ಸೊಪ್ಪಿನ ಜೊತೆ ಕಲಸಿ ರೊಟ್ಟಿ ತಟ್ಟಿ, ಸಣ್ಣ ಉರಿಯಲ್ಲಿ ಮುಚ್ಚಿ ಚೆನ್ನಾಗಿ ಬೇಯಿಸಿ, ಅದೂ ಹಸಿ ಇರಬಾರದು. ಅಮ್ಮ ಹಾಲಿಗಿಂತ ಈ ರೊಟ್ಟಿಯನ್ನೇ ಹೆಚ್ಚು ಮೆಚ್ಚಿದರು.

"ಕಾಫಿಗೆ ಹಾಕಬಹುದೇನೇ?" ಅಂತ ಅತ್ತಿಗೆ ಕೇಳಿದರು. ಕಾಫಿ ಸೀಮೆಯಲ್ಲಿ ಈ ಪ್ರಶ್ನೆ ಬರದೆ ಇರುತ್ತಾ? ಕಾಫಿಯಲ್ಲಿ ಹುಳಿ ಇರುವುದರಿಂದ ಬಿಸಿ ಡಿಕಾಕ್ಷನ್‌ಗೆ ತಣ್ಣನೆ ಸೋಯಾ ಹಾಲು ಸುರಿದರೆ ಒಡೆಯುತ್ತದೆ. ಹಾಲು ಬಿಸಿ ಮಾಡಿಕೊಂಡು ಡಿಕಾಕ್ಷನ್ ಅನ್ನು ನಿಧಾನಕ್ಕೆ ಬೆರೆಸಿದರೆ ಎಷ್ಟೋ ವಾಸಿ. ಆದರೂ ನನ್ನ ಕೇಳಿದರೆ ಕಾಫಿಗೆ ಹಸುವಿನ ಹಾಲೇ ಇರಲಿ. ಇದನ್ನು ಬೇರೆ ಲೋಟದಲ್ಲಿ, ಬಿಸಿಬಿಸಿ, ಮಾಡಿದ ದಿನವೇ ಕುಡಿಯಿರಿ.